ಕೆಲಸ ಕಲಿಯೋಕೆ ಸೇರಿಸುವುದು, ಸೇರಿದವರು ನಿಲ್ಲುವ ಹಾಗೆ ನೋಡಿಕೊಳ್ಳುವುದು: ಮಲೆನಾಡಿನವರಿಗೆ ಒಂದು ಮಾರ್ಗದರ್ಶಿ

ಕೆಲವು ವರ್ಷಗಳ ಹಿಂದೆ ಆನಂದಪುರ ಕಡೆಯ ಒಬ್ಬ ಹುಡುಗನನ್ನು ಶಿವಮೊಗ್ಗದ ಒಂದು ಗ್ಯಾರೇಜಿಗೆ ಸೇರಿಸಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಬ್ಜೆಕ್ಟ್ ಹೋಗಿತ್ತು. ಅಪ್ಪ ಇರಲಿಲ್ಲ, ಅಮ್ಮ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಎರಡನೇ ವಾರ ಗ್ಯಾರೇಜಿನ ಮಾಲೀಕರ ಫೋನು ಬಂತು. "ನಿಮ್ಮ ಹುಡುಗ ನಾಲ್ಕು ದಿನದಿಂದ ಬಂದೇ ಇಲ್ಲ." ಅಮ್ಮನಿಗೆ ಫೋನ್ ಮಾಡಿದರೆ, "ದಿನಾ ಬುತ್ತಿ ಕಟ್ಟಿಸ್ಕೊಂಡು ಹೋಗ್ತಿದಾನಲ್ಲ!" ಅಂದರು.

ಅವನು ಸಿಕ್ಕಿದ್ದು ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ. ಬೆಂಚಿನ ತುದಿಯಲ್ಲಿ, ತೊಡೆ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಕೂತಿದ್ದ. ಊರಿಂದ ಬರುವ ಮೊದಲ ಬಸ್ಸು ಶಿವಮೊಗ್ಗ ಮುಟ್ಟುತ್ತಿದ್ದುದು ಒಂಬತ್ತೂಕಾಲಿಗೆ. ಗ್ಯಾರೇಜು ಒಂಬತ್ತಕ್ಕೇ ಶುರು. ಮೂರು ದಿನ ಎಲ್ಲರೆದುರು ಬೈಸಿಕೊಂಡಿದ್ದ. ನಾಲ್ಕನೇ ದಿನ ಗ್ಯಾರೇಜಿಗೆ ಹೋಗುವ ಧೈರ್ಯ ಬರಲಿಲ್ಲ, ಮನೆಯಲ್ಲಿ ಹೇಳುವ ಧೈರ್ಯವೂ ಬರಲಿಲ್ಲ. ಸಂಜೆ ಬಸ್ಸಿನವರೆಗೆ ಅಲ್ಲೇ ಕೂತು, ಊಟ ಮಾಡಿ, ಮನೆಗೆ ಹೋಗುತ್ತಿದ್ದ.

ಬಸ್ಸಿನ ಟೈಮು ಕೇಳದೆ ಅವನನ್ನು ಸೇರಿಸಿದ್ದು ನಾನು. ಮಾಲೀಕರ ಹತ್ತಿರ ಒಂದು ಮಾತು ಆಡಿದ್ದಕ್ಕೆ ಒಂಬತ್ತೂವರೆಗೆ ಬರಲಿ ಅಂತ ಒಪ್ಪಿಕೊಂಡರು. ಅಷ್ಟೇ ಆಗಬೇಕಿದ್ದುದು. ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ: ಸೇರಿಸುವುದು ಒಂದು ದಿನದ ಕೆಲಸ, ಅವರು ನಿಲ್ಲುವ ಹಾಗೆ ನೋಡಿಕೊಳ್ಳುವುದು ಆರು ತಿಂಗಳ ಕೆಲಸ. ನೀವು ಮೇಷ್ಟ್ರಾಗಿರಿ, ಹಾಸ್ಟೆಲ್ ವಾರ್ಡನ್ ಆಗಿರಿ, ಸ್ವಸಹಾಯ ಸಂಘದವರಾಗಿರಿ, ಪಂಚಾಯಿತಿ ಸದಸ್ಯರಾಗಿರಿ, ಒಬ್ಬ ಹುಡುಗನಿಗೋ ಹುಡುಗಿಗೋ ದಾರಿ ಮಾಡಿಕೊಡಬೇಕು ಅಂತಿದ್ದರೆ ಆರು ತಿಂಗಳು ಬೆನ್ನಿಗೆ ನಿಲ್ಲುತ್ತೇನೆ ಅಂತ ಮೊದಲೇ ಗಟ್ಟಿ ಮಾಡಿಕೊಳ್ಳಿ.

1. ಯಾರಿಗಾಗಿ ಈ ಓಡಾಟ

2024ರ ಜನವರಿ 12ರಂದು ನಿರುದ್ಯೋಗ ಭತ್ಯೆಯ ಯುವನಿಧಿ ಯೋಜನೆ ಶುರುವಾಗಿದ್ದು ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲೇ. ಅದು ಡಿಗ್ರಿ, ಡಿಪ್ಲೊಮಾ ಮುಗಿಸಿದವರಿಗೆ. ನಾನು ಹೇಳುತ್ತಿರುವ ಮಕ್ಕಳು ಅಲ್ಲಿಯವರೆಗೆ ಹೋಗೇ ಇಲ್ಲ. ಎಸ್ಸೆಸ್ಸೆಲ್ಸಿಗೆ ನಿಂತವರು, ಬಾಲಮಂದಿರದಲ್ಲಿ ಬೆಳೆದು 18 ತುಂಬಿದ ಮೇಲೆ ಹೊರಗೆ ಬಂದವರು, ಕುಡಿತದ ಮನೆಯಿಂದ ಬಂದವರು, ಅಂಗವಿಕಲತೆ ಇರುವವರು. ಶಿಕಾರಿಪುರದ ತಾಂಡಾಗಳಲ್ಲಿ, ತೀರ್ಥಹಳ್ಳಿ-ಹೊಸನಗರದ ಹಸಲರ (ಬುಡಕಟ್ಟಿನವರ) ಮನೆಗಳಲ್ಲಿ, ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳಲ್ಲಿ ಇಂಥವರು ಸಿಗುತ್ತಾರೆ. ಹತ್ತನೇ ಕ್ಲಾಸಾದ ಮೇಲೆ ಮನೆಯಲ್ಲೇ ಉಳಿದ ಹೆಣ್ಣುಮಕ್ಕಳಂತೂ ಪ್ರತಿ ಊರಲ್ಲೂ ಇದ್ದಾರೆ.

ಮೊದಲ ಸಲ ಕೂತು ಮಾತಾಡುವಾಗ "ಮುಂದೆ ಏನಾಗಬೇಕು ಅಂತಿದ್ದೀಯಾ?" ಅಂತ ಕೇಳಬೇಡಿ. ತಲೆ ತಗ್ಗಿಸಿ ಸುಮ್ನೆ ಕೂರುತ್ತಾರೆ. "ಮನೇಲಿ ಏನಾದ್ರೂ ಕೆಟ್ಟರೆ ಯಾರು ರಿಪೇರಿ ಮಾಡ್ತಾರೆ? ಹಬ್ಬಕ್ಕೆ ಅಡುಗೆ ಯಾರು ಮಾಡ್ತಾರೆ? ಮೊಬೈಲಲ್ಲಿ ಜಾಸ್ತಿ ಎಂಥ ವಿಡಿಯೊ ನೋಡ್ತೀಯಾ?" ಅಂತ ಕೇಳಿ. ಕಳೆ ಹೊಡೆಯುವ ಮಷೀನಿನ ಕಾರ್ಬುರೇಟರ್ ಬಿಚ್ಚಿ ಕ್ಲೀನ್ ಮಾಡಿದ್ದನ್ನು ಒಬ್ಬ ಹುಡುಗ ಕಾಲು ಗಂಟೆ ಹೇಳಿದ್ದ. ಅಲ್ಲಿಯವರೆಗೆ ಅವನ ಬಾಯಿಂದ ನಾಲ್ಕು ಮಾತೂ ಬಂದಿರಲಿಲ್ಲ.

ಇದೇ ಮಾತುಕತೆಯಲ್ಲಿ ಇನ್ನೊಂದಿಷ್ಟು ತಿಳಿದುಕೊಳ್ಳಿ: ಮೊದಲ ಬಸ್ಸು, ಕೊನೆ ಬಸ್ಸು, ಮನೆಯಲ್ಲಿ ನೋಡಿಕೊಳ್ಳಬೇಕಾದ ಕಾಯಿಲೆಯವರು, ಆಗಬೇಕಾದ ಪರೀಕ್ಷೆ. ಈಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇರುವುದರಿಂದ, ಕೆಲಸ ಕಲಿಯುತ್ತಲೇ ಉಳಿದ ಸಬ್ಜೆಕ್ಟ್ ಕಟ್ಟಿ ಪಾಸಾಗಬಹುದು. ಆ ಆಸೆ ಇದ್ದರೆ ಪರೀಕ್ಷೆಗೆ ರಜೆ ಬೇಕು ಅಂತ ಮಾಲೀಕರಿಗೆ ಮೊದಲೇ ಹೇಳಿಡಿ. ವೆಲ್ಡರ್, ವೈರ್‌ಮನ್ ಥರದ ಐಟಿಐ ಟ್ರೇಡುಗಳಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು ಅನ್ನುವುದು ತುಂಬಾ ಮನೆಗಳಿಗೆ ಗೊತ್ತಿಲ್ಲ. ಅದನ್ನೂ ಹೇಳಿ.

2. ಕಾಗದಪತ್ರ

ಆಧಾರ್, ಟಿಸಿ ಅಥವಾ ಮಾರ್ಕ್ಸ್ ಕಾರ್ಡ್, ಆಧಾರ್ ಲಿಂಕ್ ಆದ ಬ್ಯಾಂಕ್ ಖಾತೆ, ಚಾಲ್ತಿಯಲ್ಲಿರುವ ಮೊಬೈಲ್ ನಂಬರ್, ಜಾತಿ ಪ್ರಮಾಣಪತ್ರ, ಅಂಗವಿಕಲತೆ ಇದ್ದರೆ ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ). ತೊಂದರೆ ಬರುವುದು ಹೆಸರಲ್ಲಿ. ಟಿಸಿಯಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು ಇರುತ್ತದೆ. ಮಾಲೀಕರನ್ನು ನೋಡಲು ಹೋಗುವ ಮೊದಲೇ ಇದನ್ನು ಸರಿ ಮಾಡಿಸಿ, ತಿಂಗಳು ಹಿಡಿದರೂ ಹಿಡಿಯಿತು.

ಖಾತೆ ಅವರ ಹೆಸರಲ್ಲೇ ಇರಲಿ. ಎಟಿಎಂ ಕಾರ್ಡ್ ಅವರ ಜೇಬಿನಲ್ಲೇ ಇರಲಿ. ಮನೆಯಲ್ಲಿ ಕುಡಿಯುವವರಿದ್ದರೆ ಈ ಮಾತನ್ನು ಎರಡು ಸಲ ಹೇಳಿ. 18 ತುಂಬಿದವರಿಗೆ ಅದೇ ಖಾತೆಯಿಂದ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿಬಿಡಿ. ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ ರೂಪಾಯಿ ಮನೆಯವರಿಗೆ ಸಿಗುತ್ತದೆ.

ಬಾಲಮಂದಿರದಿಂದ ಹೊರಬಂದವರಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವರ ಜೊತೆ ನೀವೇ ಹೋಗಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 21 ವರ್ಷದವರೆಗೆ, ಅಗತ್ಯ ಬಿದ್ದರೆ 23ರವರೆಗೆ, ಅವರಿಗೆ ನೆರವು ಕೊಡಬಹುದು. ಮಕ್ಕಳ ರಕ್ಷಣೆಗಿರುವ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇದೆ. ಕೇಳದಿದ್ದರೆ ಅದು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ.

3. ಜಾಗ ಹುಡುಕುವುದು

ನಕ್ಷೆ ತೆಗೆದು ಹುಡುಗನ ಊರಿನ ಬಸ್ ರೂಟಿನ ಮೇಲೆ ಗೆರೆ ಎಳೆಯಿರಿ. ಆ ಗೆರೆಯ ಮೇಲಿರುವ ಪೇಟೆಯಲ್ಲೇ ಹುಡುಕಿ. ರಿಪ್ಪನ್‌ಪೇಟೆಯಲ್ಲೇ ಒಳ್ಳೆ ವೆಲ್ಡಿಂಗ್ ಶಾಪ್ ಸಿಕ್ಕರೆ ಶಿವಮೊಗ್ಗದವರೆಗೆ ಯಾಕೆ ಹೋಗಬೇಕು?

ನಮ್ಮ ಕಡೆ ಕೆಲಸ ಇರುವುದು ದೊಡ್ಡ ಕಾರ್ಖಾನೆಗಳಲ್ಲಿ ಮಾತ್ರ ಅಂದುಕೊಳ್ಳಬೇಡಿ. ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್, ಮಾಚೇನಹಳ್ಳಿಯ ಗಾರ್ಮೆಂಟ್ಸ್ ಮತ್ತು ಕಾರ್ಖಾನೆಗಳು ಎಲ್ಲರಿಗೂ ಗೊತ್ತು. ಆದರೆ ಪಂಪ್‌ಸೆಟ್ ಮೋಟಾರ್ ರೀವೈಂಡಿಂಗ್ ಮಾಡುವವರು, ಅಡಿಕೆ ಸುಲಿಯುವ ಯಂತ್ರ ರಿಪೇರಿಯವರು, ಕಾರ್ಬನ್ ಫೈಬರ್ ದೋಟಿ (ಅಡಿಕೆ ಗೊನೆ ಇಳಿಸುವ ಉದ್ದನೆ ಕೋಲು) ಮಾರಿ ಸರ್ವಿಸ್ ಮಾಡುವವರು, ಬೇಕರಿಗಳು, ಹೋಂಸ್ಟೇ ಅಡುಗೆಮನೆಗಳು, ಸಾಗರ-ಸೊರಬದ ಗುಡಿಗಾರರ ಕೆತ್ತನೆ ಮನೆಗಳು, ಇಲ್ಲೆಲ್ಲ ಕಲಿಯೋಕೆ ಬೇಕಾದಷ್ಟಿದೆ. ತೋಟ ಇರುವವರೆಗೆ ಮೋಟಾರ್ ಸುಡುತ್ತಲೇ ಇರುತ್ತದೆ, ಅಲ್ವಾ?

ಶಿವಮೊಗ್ಗದ ಫೌಂಡ್ರಿಗಳಿಗೆ ದೊಡ್ಡ ಹೆಸರಿದೆ. ಆದರೆ 18 ತುಂಬದವರನ್ನು ಅಲ್ಲಿಗೆ ಕಳಿಸಲೇಬೇಡಿ. ಅದು ಅಪಾಯದ ಕೆಲಸ, ಕಾನೂನೂ ಬಿಡುವುದಿಲ್ಲ. 14ರ ಒಳಗಿನ ಮಕ್ಕಳನ್ನು ಎಲ್ಲೂ ಕೆಲಸಕ್ಕೆ ಸೇರಿಸುವ ಮಾತೇ ಇಲ್ಲ. ನಾನಂತೂ 18 ತುಂಬಿದವರನ್ನೇ ಸೇರಿಸುತ್ತೇನೆ. ಅದಕ್ಕಿಂತ ಚಿಕ್ಕವರಿಗೆ ಐಟಿಐ ದಾರಿ ತೋರಿಸುತ್ತೇನೆ.

ಮಾಲೀಕರನ್ನು ನೋಡಲು ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ. ಬೆಳಿಗ್ಗೆ ಗಿರಾಕಿಗಳ ಗಲಾಟೆ. ಆಯುಧ ಪೂಜೆಯ ಹಿಂದಿನ ವಾರ ಗ್ಯಾರೇಜಿನ ಕಡೆ ತಲೆ ಹಾಕಬೇಡಿ. "ಬಡ ಹುಡುಗ, ಪಾಪ, ಒಂದು ದಾರಿ ಮಾಡಿಕೊಡಿ" ಅಂತ ಶುರು ಮಾಡಲೂಬೇಡಿ. ಪಾಪ ಅಂತ ಸೇರಿಸಿಕೊಂಡವರು ಚಹಾ ತರೋಕೆ, ಕಸ ಹೊಡೆಯೋಕೆ ಇಟ್ಟುಕೊಳ್ಳುತ್ತಾರೆ. ಅವರ ಕಷ್ಟವನ್ನೇ ಮೊದಲು ಕೇಳಿ. "ಹುಡುಗರು ಹೇಳದೆ ಕೇಳದೆ ಬಿಟ್ಟು ಹೋಗ್ತಾರೆ ಮೇಡಂ" ಅನ್ನುತ್ತಾರೆ, ಹತ್ತರಲ್ಲಿ ಎಂಟು ಜನ. ಆಗ ಹೇಳಿ: "ಹುಡುಗ ಬರಲಿಲ್ಲ ಅಂದ್ರೆ ನನಗೆ ಫೋನ್ ಮಾಡಿ. ನಾನು ಹುಡುಕ್ಕೊಂಡು ಹೋಗ್ತೀನಿ. ಅದಕ್ಕೆ ಮೊದಲು ಅವನನ್ನು ಬಿಡಿಸಬೇಡಿ." ನಾನು ಹೋದ ಕಡೆಯಲ್ಲೆಲ್ಲ ಮಾಲೀಕರ ಮನಸ್ಸು ತಿರುಗಿದ್ದು ಈ ಮಾತಿಗೆ.

ಹುಡುಗನ ಮನೆಯ ಕಥೆ ಹೇಳಬೇಡಿ. ಅಪ್ಪ ಜೈಲಿನಲ್ಲಿದ್ದಾನೆ, ಇವಳು ಬಾಲಮಂದಿರದವಳು, ಇವನ ಮೇಲೆ ಹಿಂದೆ ಕೇಸಿತ್ತು ಅನ್ನುವುದೆಲ್ಲ ಅವರ ಸ್ವತ್ತು. ಹೇಳಬೇಕೋ ಬೇಡವೋ ಅಂತ ಅವರೇ ತೀರ್ಮಾನಿಸಲಿ. ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ, ಅವರನ್ನು ಕೇಳಿಯೇ ಹೇಳಿ: "ಇವನಿಗೆ ಎಡಗಿವಿ ಕೇಳಿಸಲ್ಲ, ಬಲಗಡೆ ನಿಂತು ಹೇಳಿ." ಬಾಲನ್ಯಾಯ ವ್ಯವಸ್ಥೆಯಿಂದ ಬಂದ ಮಕ್ಕಳ ಫೋಟೊ, ಹೆಸರು ಫೇಸ್‌ಬುಕ್‌ಗೆ ಹಾಕುವುದು ಕಾನೂನಿಗೂ ವಿರುದ್ಧ.

4. ಮೂರು ದಿನ ನೋಡಲಿ

ಸೇರುವ ಮೊದಲು ಮೂರು ದಿನ ಹೋಗಿ ನೋಡಿಕೊಂಡು ಬರಲಿ. ಬೇಡ ಅನಿಸಿದರೆ ಬೇಡ ಅನ್ನಬಹುದು ಅಂತ ಇಬ್ಬರಿಗೂ ಹೇಳಿ. ಬೇಕರಿ ಬೇಕು ಅಂದವಳು ಭಟ್ಟಿಯ ಬಿಸಿ ತಡೆಯಲಾರದೆ ಕೇಕ್ ಅಲಂಕಾರದ ಕಡೆ ಹೋದದ್ದುಂಟು. ಮೂರು ದಿನದಲ್ಲಿ ಗೊತ್ತಾಗಿದ್ದು ಒಳ್ಳೆಯದೇ ಆಯಿತು.

5. ಒಪ್ಪಂದ

ಇಲ್ಲಿ ಎರಡು ದಾರಿ ಇದೆ, ಎರಡನ್ನೂ ಸರಿಯಾಗಿ ತಿಳಿದುಕೊಳ್ಳಿ.

ನಾಲ್ಕು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಜಾಗವಾದರೆ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ಹಿಡಿಯಬಹುದು. ಅಪ್ರೆಂಟಿಸ್ ಅಂದರೆ ಒಪ್ಪಂದ ಮಾಡಿಕೊಂಡು ಕೆಲಸ ಕಲಿಯಲು ಸೇರಿದವರು, ಸರ್ಕಾರಿ ಕಾಗದದಲ್ಲಿ ಅವರನ್ನು ಶಿಶಿಕ್ಷು ಅಂತ ಬರೆಯುತ್ತಾರೆ. 30 ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ: ಒಟ್ಟು ಕೆಲಸಗಾರರ ಶೇ. 2.5ರಿಂದ 15ರಷ್ಟು. 4ರಿಂದ 29 ಜನ ಇರುವವರು ಮನಸ್ಸಿದ್ದರೆ ತೆಗೆದುಕೊಳ್ಳಬಹುದು. ಒಪ್ಪಂದ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ಅವಧಿ 6 ತಿಂಗಳಿಂದ 36 ತಿಂಗಳು. 18 ತುಂಬದವರಾದರೆ ಪೋಷಕರ ಸಹಿ ಬೇಕು.

2019ರ ನಿಯಮದ ಪ್ರಕಾರ ತಿಂಗಳ ಕನಿಷ್ಠ ಸ್ಟೈಪೆಂಡ್ (ಕಲಿಯುವಾಗ ಕೊಡುವ ಭತ್ಯೆ) ಐದರಿಂದ ಒಂಬತ್ತನೇ ಕ್ಲಾಸ್ ಓದಿದವರಿಗೆ 5,000, ಹತ್ತನೇ ಕ್ಲಾಸ್ ಪಾಸಾದವರಿಗೆ 6,000, ಪಿಯುಸಿ ಆದವರಿಗೆ 7,000 ರೂಪಾಯಿ. ಇದನ್ನು ಏರಿಸಬೇಕು ಅಂತ 2025ರಲ್ಲಿ ಶಿಫಾರಸು ಆಗಿದೆ. ಹಾಗಾಗಿ ಒಪ್ಪಂದ ಮಾಡುವ ದಿನ ಪೋರ್ಟಲ್‌ನಲ್ಲಿ ಎಷ್ಟಿದೆ ಅಂತ ನೋಡಿಯೇ ಸಹಿ ಹಾಕಿಸಿ. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರೋತ್ಸಾಹ ಯೋಜನೆಯಲ್ಲಿ ಸ್ಟೈಪೆಂಡಿನ ಶೇ. 25ರಷ್ಟನ್ನು, ತಿಂಗಳಿಗೆ 1,500 ರೂಪಾಯಿ ಮೀರದಂತೆ, ಕೇಂದ್ರ ಸರ್ಕಾರ ನೇರವಾಗಿ ಅಪ್ರೆಂಟಿಸ್ ಖಾತೆಗೆ ಹಾಕುತ್ತದೆ. ಸಣ್ಣ ಮಾಲೀಕರಿಗೆ ಇದನ್ನು ಬಿಡಿಸಿ ಹೇಳಿ. ಪೋರ್ಟಲ್ ಕೆಲಸಕ್ಕೆ ಅವರು ಹೆದರುತ್ತಾರೆ. ಒಂದು ಸಂಜೆ ಅವರ ಪಕ್ಕದಲ್ಲಿ ಕೂತು ಫಾರಂ ತುಂಬಿಸಿಕೊಡಿ, ಇಲ್ಲವೇ ಐಟಿಐ ಅಥವಾ ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಯವರ ಹತ್ತಿರ ಕರೆದುಕೊಂಡು ಹೋಗಿ.

ಇನ್ನು ಎರಡನೇ ದಾರಿ. ನಮ್ಮ ಪೇಟೆಗಳ ಅಂಗಡಿಗಳಲ್ಲಿ ಮಾಲೀಕರನ್ನೂ ಸೇರಿಸಿ ಇರುವುದೇ ಇಬ್ಬರೋ ಮೂವರೋ. ಅವರಿಗೆ ಪೋರ್ಟಲ್ ದಾರಿ ಇಲ್ಲ. ನೋಂದಣಿ ಇಲ್ಲದ ಕಡೆ ಕಲಿಯುವ ಹುಡುಗ ಕಾನೂನಿನ ಕಣ್ಣಿಗೆ ಕೆಲಸಗಾರನೇ. ಕನಿಷ್ಠ ವೇತನದ ಕಾನೂನು ಅವನಿಗೂ ಅನ್ವಯಿಸುತ್ತದೆ. "ಕೆಲಸ ಕಲಿಸ್ತಿದೀನಲ್ಲ" ಅಂತ ಪುಕ್ಕಟೆ ದುಡಿಸುವ ಹಾಗಿಲ್ಲ. ಇಂಥ ಕಡೆ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ: ಎಷ್ಟು ಗಂಟೆಯಿಂದ ಎಷ್ಟು ಗಂಟೆ, ವಾರದ ರಜೆ ಯಾವತ್ತು, ಸಂಬಳ ಎಷ್ಟು ಮತ್ತು ಯಾವ ತಾರೀಖು, ಮೊದಲ ಎರಡು ತಿಂಗಳಲ್ಲಿ ಏನು ಕಲಿಸುತ್ತಾರೆ, ನಂತರ ಏನು, ಗಾಯವಾದರೆ ಆಸ್ಪತ್ರೆ ಖರ್ಚು ಯಾರದು. ಮಾಲೀಕರು, ಕಲಿಯುವವರು, ನೀವು ಮೂವರೂ ಸಹಿ ಹಾಕಿ, ಮೂವರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ.

ನೋಂದಾಯಿತ ಅಪ್ರೆಂಟಿಸ್‌ಗೆ ಕೆಲಸದಲ್ಲಿ ಗಾಯವಾದರೆ ಪರಿಹಾರ ಕೊಡುವುದು ಮಾಲೀಕರ ಹೊಣೆ. ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ತರಬೇತಿ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾಯ್ದೆ ಹೇಳುವುದಿಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಕೊಡಬೇಕು. ಆದ್ದರಿಂದ ಬರೆಸಲು ನೋಡಿ.

6. ಬಸ್ಸು, ಬೂಟು, ಮೊದಲ ತಿಂಗಳ ಖರ್ಚು

ಲೆಕ್ಕ ಹಾಕಿ. ಒಂದು ಕಡೆಗೆ 35 ರೂಪಾಯಿ ಟಿಕೆಟ್ ಅಂದರೆ 26 ದಿನಕ್ಕೆ 1,820. ಐದು ಸಾವಿರದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಸ್ಸಿಗೇ ಹೋಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಮಲೆನಾಡಿನ ಒಳಗಿನ ಎಷ್ಟೋ ಊರುಗಳಿಗೆ ಬರುವುದು ಖಾಸಗಿ ಬಸ್ಸು ಮಾತ್ರ. ಯಾವ ಹೊತ್ತಿಗೆ ಸರ್ಕಾರಿ ಬಸ್ಸಿದೆ, ಎಲ್ಲಿವರೆಗೆ ಇದೆ, ಕೇಳಿ ಬರೆದಿಟ್ಟುಕೊಳ್ಳಿ. ಸಂಜೆ ಕೊನೆ ಬಸ್ಸು ತಪ್ಪಿದರೆ ಅವಳು ಯಾರ ಮನೆಯಲ್ಲಿ ಉಳಿಯಬಹುದು ಅನ್ನುವುದೂ ಮೊದಲೇ ಗೊತ್ತಿರಲಿ. ಮನೆಯವರ ಭಯ ಅರ್ಧ ಕಡಿಮೆಯಾಗುವುದು ಅಲ್ಲೇ.

ಮೊದಲ ದುಡ್ಡು ಕೈಗೆ ಬರಲು ತಿಂಗಳಿಗಿಂತ ಹೆಚ್ಚು ಬೇಕು. ಅಲ್ಲಿಯವರೆಗಿನ ಬಸ್ಸು, ಊಟಕ್ಕೆ ಎರಡು ಸಾವಿರ ಎಲ್ಲಿಂದ ಬರುತ್ತದೆ ಅಂತ ಸೇರಿಸುವ ಮೊದಲೇ ಯೋಚಿಸಿ. ಅಮ್ಮನ ಸ್ವಸಹಾಯ ಸಂಘದಿಂದ ಸಣ್ಣ ಸಾಲ ತೆಗೆಯಬಹುದು. ಬಡ್ಡಿ ಸಾಲ ಮಾತ್ರ ಬೇಡ.

ವೆಲ್ಡಿಂಗ್ ಶಾಪಿಗೆ ಹವಾಯಿ ಚಪ್ಪಲಿಯಲ್ಲಿ ಹೋಗುವ ಹುಡುಗರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಗ್ರೈಂಡರ್ ಹಿಡಿದಾಗ ಹಾರುವ ಕಿಡಿ ಬೆರಳಿನ ಸಂದಿಗೆ ಬೀಳುತ್ತದೆ, ಕಣ್ಣಿಗೂ ಬೀಳುತ್ತದೆ. ಗಟ್ಟಿ ಬೂಟು ಕೊಡಿಸಿದ ಮೇಲೆಯೇ ಕಳಿಸಿ. ಕನ್ನಡಕ, ಗ್ಲೌಸ್ ಮಾಲೀಕರು ಕೊಡುತ್ತಾರಾ ಅಂತ ಒಪ್ಪಂದದ ದಿನವೇ ಕೇಳಿ.

7. ಮೊದಲ ನಲವತ್ತು ದಿನ

ನಿಮ್ಮ ಶಕ್ತಿಯನ್ನೆಲ್ಲ ಇಲ್ಲಿ ಹಾಕಿ.

ಮೊದಲ ದಿನ ಜೊತೆಯಲ್ಲಿ ಹೋಗಿ. ಅಂಗಡಿಯಲ್ಲಿ ನಾಲ್ಕೈದು ವರ್ಷ ದೊಡ್ಡವನಾದ ಒಬ್ಬ ಕೆಲಸಗಾರನನ್ನು ಗುರುತಿಸಿ, "ಇವನಿಗೆ ನೀವೇ ಅಣ್ಣ, ಗೊತ್ತಾಗದಿದ್ದರೆ ನಿಮ್ಮನ್ನೇ ಕೇಳ್ತಾನೆ" ಅಂತ ಅವರ ಕೈಗೆ ಒಪ್ಪಿಸಿ. ಮಾಲೀಕರನ್ನು ಕೇಳಲು ಹೆದರುವ ಹುಡುಗ ಅಣ್ಣನನ್ನು ಕೇಳುತ್ತಾನೆ. ಶೌಚಾಲಯ ಎಲ್ಲಿ, ಊಟಕ್ಕೆ ಎಲ್ಲಿ ಕೂರಬೇಕು ಅನ್ನುವುದನ್ನೂ ಅವತ್ತೇ ತೋರಿಸಿಕೊಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಶೌಚಾಲಯ ಇಲ್ಲದ ಜಾಗವೇ ಬೇಡ.

ಮೂರನೇ ದಿನ ಸಂಜೆ ಫೋನ್ ಮಾಡಿ. ಆಮೇಲೆ ಪ್ರತಿ ಶನಿವಾರ ಹೋಗಿ. ಅಂಗಡಿಯೊಳಗೆ ಮಾತಾಡಿಸಬೇಡಿ, ಹೊರಗೆ ಕರೆದುಕೊಂಡು ಹೋಗಿ ಒಂದು ಚಹಾ ಕುಡಿಸಿ. "ಹೇಗಿದೆ?" ಅಂದರೆ ನಮ್ಮ ಹುಡುಗರ ಉತ್ತರ ಒಂದೇ: "ಅಡ್ಡಿಲ್ಲ." ಆ ಅಡ್ಡಿಲ್ಲದ ಹಿಂದೆ ಏನೂ ಇರಬಹುದು. "ಈ ವಾರ ಎಂತ ಕಲಿತೆ? ಯಾವುದು ಕೈಗೆ ಹತ್ತಲಿಲ್ಲ? ಯಾರಾದ್ರೂ ಬೈದ್ರಾ, ಎಂತಕ್ಕೆ?" ಅಂತ ಕೇಳಿ.

ಶಿಕಾರಿಪುರ ಕಡೆಯ ತಾಂಡಾದ ಒಬ್ಬ ಹುಡುಗಿ ಮೋಟಾರ್ ರೀವೈಂಡಿಂಗ್ ಅಂಗಡಿಗೆ ಸೇರಿದ್ದಳು. ತಾಮ್ರದ ತಂತಿಯನ್ನು ಇಷ್ಟೇ ಸುತ್ತು ಅಂತ ಲೆಕ್ಕ ಇಟ್ಟು ಸುತ್ತಬೇಕು. ನಡುವೆ ಗಿರಾಕಿ ಬಂದು ಏನಾದರೂ ಕೇಳಿದರೆ ಸಾಕು, ಇವಳ ಎಣಿಕೆ ತಪ್ಪುತ್ತಿತ್ತು. ಒಂದು ಸುತ್ತು ಹೆಚ್ಚುಕಡಿಮೆಯಾದರೆ ಇಡೀ ಕಾಯಿಲ್ ಬಿಚ್ಚಬೇಕು. ಮಾಲೀಕರು ಸಿಡುಕುತ್ತಿದ್ದರು, ಇವಳು ಅಳುತ್ತಿದ್ದಳು. ಎರಡನೇ ಶನಿವಾರ ಅಂಗಡಿಯ ಹಿರಿಯ ಕೆಲಸಗಾರರೇ ಉಪಾಯ ಹೇಳಿದರು: ಪ್ರತಿ 20 ಸುತ್ತಿಗೆ ಕೈ ನಿಲ್ಲಿಸಿ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ. ಯಾರು ಕರೆದರೂ ಆ ಗೆರೆ ಎಳೆಯುವವರೆಗೆ ತಲೆ ಎತ್ತುವಂತಿಲ್ಲ. ಮೂರನೇ ವಾರಕ್ಕೆ ಕಾಯಿಲ್ ಬಿಚ್ಚುವುದು ನಿಂತಿತು. ಅವಳ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇತ್ತು. ಅದರಲ್ಲಿ ಯಾವ ಮೋಟಾರಿಗೆ ಎಷ್ಟು ಗೇಜಿನ ತಂತಿ, ಎಷ್ಟು ಸುತ್ತು ಅಂತ ದುಂಡು ಅಕ್ಷರದಲ್ಲಿ ಬರೆದುಕೊಂಡಿದ್ದಳು. ಇಂಗ್ಲಿಷ್ ಹೆಸರುಗಳನ್ನೂ ಕನ್ನಡದಲ್ಲೇ ಬರೆದಿದ್ದಳು. ಈಗ ನಾನು ಸೇರಿಸುವ ಎಲ್ಲರಿಗೂ ಮೊದಲ ದಿನ ಒಂದು ನೋಟ್‌ಬುಕ್ ಕೊಡುತ್ತೇನೆ.

ರಜೆ ಹೇಳುವುದನ್ನೂ ಕಲಿಸಬೇಕು. ಇದು ಸಣ್ಣ ವಿಷಯ ಅಂತ ಬಿಡಬೇಡಿ. ಎಷ್ಟೋ ಜನ ಕೆಲಸ ಬಿಡುವುದು ಒಂದು ದಿನ ಹೇಳದೆ ತಪ್ಪಿಸಿಕೊಂಡು, ಮಾರನೇ ದಿನ ಮುಖ ತೋರಿಸಲು ನಾಚಿಕೆಯಾಗಿ. "ಅಣ್ಣ, ಇವತ್ತು ಅಮ್ಮಂಗೆ ಹುಷಾರಿಲ್ಲ, ಬರೋಕಾಗಲ್ಲ, ನಾಳೆ ಬರ್ತೀನಿ." ಈ ಮಾತನ್ನು ನಿಮ್ಮ ಮುಂದೆ ನಾಲ್ಕು ಸಲ ಹೇಳಿಸಿ. ಊರಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಯಾವ ಗುಡ್ಡದ ಮೇಲೆ ಸಿಗುತ್ತದೆ, ಅಲ್ಲಿಂದ ಯಾರ ಫೋನಿಗೆ ವಾಯ್ಸ್ ಮೆಸೇಜ್ ಕಳಿಸಬೇಕು ಅಂತ ಗೊತ್ತುಮಾಡಿ.

8. ಅಡಿಕೆ ಕೊಯ್ಲು

ಹೊರಗಿನಿಂದ ಬಂದ ಸಂಸ್ಥೆಗಳವರು ಎಡವುವುದು ಇಲ್ಲಿ. ಅಕ್ಟೋಬರ್‌ನಿಂದ ಸಂಕ್ರಾಂತಿ ಆಚೆಯವರೆಗೆ ನಮ್ಮಲ್ಲಿ ಕೊನೆ (ಅಡಿಕೆ ಗೊನೆ) ಇಳಿಸುವ, ಅಡಿಕೆ ಸುಲಿಯುವ ಕಾಲ. ಮನೆಮಂದಿಯೆಲ್ಲ ಹೋಗುತ್ತಾರೆ, ದುಡ್ಡು ಬೇಗ ಕೈಗೆ ಬರುತ್ತದೆ. ಸ್ಟೈಪೆಂಡಿಗಿಂತ ಅದೇ ಜಾಸ್ತಿ. ಆ ಹೊತ್ತಿಗೆ ಹುಡುಗ ಬಿಟ್ಟುಹೋದರೆ ಸೋಮಾರಿ ಅನ್ನಬೇಡಿ, ಆ ಮನೆಗೆ ವರ್ಷದ ಅಕ್ಕಿ ಬರುವುದು ಅದರಿಂದಲೇ ಇರಬಹುದು.

ಆಗುವುದಾದರೆ ಶಿವರಾತ್ರಿ ಹೊತ್ತಿಗೆ ಸೇರಿಸಿ. ಕೊಯ್ಲು ಮುಗಿದಿರುತ್ತದೆ. ಮಳೆಗಾಲದಲ್ಲಿ ರಸ್ತೆ, ಬಸ್ಸು ಕೈಕೊಡುವ ಮೊದಲೇ ಕೆಲಸ ಒಂದು ಹದಕ್ಕೆ ಬಂದಿರುತ್ತದೆ. ಆರು ತಿಂಗಳ ಒಪ್ಪಂದವಾದರೆ ಮುಂದಿನ ಕೊಯ್ಲಿಗೆ ಮೊದಲೇ ಮುಗಿಯುತ್ತದೆ. ವರ್ಷದ ಒಪ್ಪಂದವಾದರೆ ಕೊಯ್ಲಿನಲ್ಲಿ ಎಷ್ಟು ದಿನ ರಜೆ ಅಂತ ಮೊದಲೇ ಬರೆಸಿ. ಸ್ಥಳೀಯ ಮಾಲೀಕರಿಗೆ ಇದು ಬೇಗ ಅರ್ಥವಾಗುತ್ತದೆ, ಅವರಲ್ಲಿ ತುಂಬಾ ಜನರಿಗೆ ತೋಟ ಇದೆ.

9. ಬಿಡಿಸಿಕೊಂಡು ಬರಬೇಕಾದಾಗ

ಬೈಗುಳವನ್ನು ಮಾತಾಡಿ ಸರಿಮಾಡಬಹುದು. ಕೈ ಮಾಡಿದರೆ, ದುಡ್ಡು ತಡೆದರೆ, ಹೆಂಡ ತರಲು ಕಳಿಸಿದರೆ, ಆಧಾರ್ ಕಿತ್ತಿಟ್ಟುಕೊಂಡರೆ ಅವತ್ತೇ ಕರೆದುಕೊಂಡು ಬನ್ನಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಅಪ್ರೆಂಟಿಸ್ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ. ಹತ್ತು ಜನರಿಗಿಂತ ಕಡಿಮೆ ಇರುವ ಜಾಗವಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. 18ರ ಒಳಗಿನವರಿಗೆ 1098, ಮಹಿಳೆಯರಿಗೆ 181, ಮನಸ್ಸು ಕುಗ್ಗಿದವರಿಗೆ ಟೆಲಿ ಮಾನಸ್ 14416. ಈ ಮೂರು ನಂಬರನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಸಿ.

ಬಿಟ್ಟು ಬಂದವರನ್ನು "ಎಷ್ಟು ಕಷ್ಟಪಟ್ಟು ಸೇರಿಸಿದ್ದೆ" ಅಂತ ಹಂಗಿಸಬೇಡಿ. ಒಂದು ವಾರ ಬಿಟ್ಟು ಮತ್ತೆ ಕೂತು ಮಾತಾಡಿ. ಎರಡನೇ ಜಾಗದಲ್ಲಿ ನಿಂತವರೂ ಇದ್ದಾರೆ, ಮೂರನೆಯದರಲ್ಲಿ ನಿಂತವರೂ ಇದ್ದಾರೆ.

10. ಮುಗಿಯುವ ಮೊದಲು

ಕೊನೆಯ ತಿಂಗಳವರೆಗೆ ಕಾಯಬೇಡಿ. ಎರಡು ತಿಂಗಳು ಇರುವಾಗಲೇ ಮಾಲೀಕರನ್ನು ಕೇಳಿ: ಇಟ್ಟುಕೊಳ್ಳುತ್ತೀರಾ, ಎಷ್ಟು ಸಂಬಳಕ್ಕೆ? ಇಲ್ಲ ಅಂದರೆ ಬೇರೆ ಅಂಗಡಿ ಹುಡುಕಲು ಸಮಯ ಸಿಗುತ್ತದೆ. ನೋಂದಾಯಿತ ಅಪ್ರೆಂಟಿಸ್ ಆಗಿದ್ದರೆ ಪರೀಕ್ಷೆಯ ತಾರೀಖು ಪೋರ್ಟಲ್‌ನಲ್ಲಿ ನೋಡುತ್ತಿರಿ, ಸರ್ಟಿಫಿಕೇಟ್ ಬಂದ ದಿನವೇ ಎರಡು ಜೆರಾಕ್ಸ್ ಮಾಡಿಸಿ ಒಂದನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ನೋಂದಣಿ ಇಲ್ಲದ ಅಂಗಡಿಯಾದರೆ ಮಾಲೀಕರ ಲೆಟರ್‌ಹೆಡ್‌ನಲ್ಲಿ ಏನೇನು ಕೆಲಸ ಬರುತ್ತದೆ ಅಂತ ವಿವರವಾಗಿ ಬರೆಸಿಕೊಳ್ಳಿ. ಸುಮ್ನೆ "ಒಳ್ಳೆಯ ಹುಡುಗ" ಅಂತ ಬರೆದುಕೊಟ್ಟರೆ ಮುಂದಿನ ಮಾಲೀಕರಿಗೆ ಏನೂ ಗೊತ್ತಾಗುವುದಿಲ್ಲ. "3 ಎಚ್‌ಪಿ ಮೋಟಾರ್ ಒಬ್ಬಳೇ ಬಿಚ್ಚಿ, ಸುತ್ತಿ, ಜೋಡಿಸುತ್ತಾಳೆ" ಅಂತ ಬರೆಸಿ.